ಬಂಪರಿನ ಬೆನ್ನು

ಬೆಂಗಳೂರಿನಿಂದ ಹೊರಟು ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ ದಾಟಿ ಮುಂಬೈ ಕಡೆ ಸಾಗುವ 48ನೇ ರಾಷ್ಟ್ರೀಯ ಹೆದ್ದಾರಿ ಪುಣೆ ಪೇಟೆಯೊಳಗೆ ನುಗ್ಗುವುದಿಲ್ಲ, ಪಶ್ಚಿಮಕ್ಕೆ ಬಳಸಿಕೊಂಡು ಬರುತ್ತದೆ. ಕಾತ್ರಜ್‌ನಲ್ಲಿ ಶುರುವಾಗುವ ಆ ಬೈಪಾಸ್ ಬಂದು ಮುಟ್ಟುವುದು ನಾವಿರುವ ದಂಡಿನ ಊರು ದೇಹೂ ರೋಡಿಗೆ. ಪಕ್ಕದ ಕಿವಳೆಯಲ್ಲಿ ಮುಂಬೈ ಎಕ್ಸ್‌ಪ್ರೆಸ್‌ವೇ ತೆರೆದುಕೊಳ್ಳುತ್ತದೆ. ಇನ್ನೊಂದು ಕಡೆಯಿಂದ ನಿಗಡಿ ದಾಟಿ ಬರುವ ಹಳೆಯ ಮುಂಬೈ-ಪುಣೆ ರಸ್ತೆ ದಂಡಿನ ಪ್ರದೇಶದ ನಡುವಿನಿಂದಲೇ ಸೋಮಾಟಣೆ ಟೋಲ್ ಕಡೆಗೆ ಹೋಗುತ್ತದೆ. ಮಿಲಿಟರಿ ಡಿಪೊಗಳ ಲಾರಿ, ಚಾಕಣ ಮತ್ತು ತಳೇಗಾಂವ್ ಕಾರ್ಖಾನೆಗಳ ಬಸ್ಸು, ಶನಿವಾರ ಭಾನುವಾರ ಲೋಣಾವಳಾಕ್ಕೆ ಹೊರಟ ಕಾರುಗಳ ಸಾಲು, ಇವೆಲ್ಲದರ ಸಂದಿಯಲ್ಲಿ ನುಸುಳುವ ಬೈಕುಗಳು. ಇಲ್ಲಿ ಬಂಪರ್ ಒಡೆಯಲು ದೊಡ್ಡ ಅಪಘಾತವೇ ಆಗಬೇಕಿಲ್ಲ. ಮುಂದಿನ ಕಾರಿನವನು ಬ್ರೇಕ್ ಒತ್ತಿದರೆ ಸಾಕು, ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಯ ಆಳ ತಿಳಿಯದಿದ್ದರೆ ಸಾಕು.

ಇಲ್ಲಿನ ಯಾವುದೇ ವಸತಿ ಸಮುಚ್ಚಯದ ಪಾರ್ಕಿಂಗಿನಲ್ಲಿ ಒಂದು ಸುತ್ತು ಹಾಕಿದರೆ ಮೂಲೆ ಒರೆಸಿಕೊಂಡ ಬಂಪರು, ಫೆಂಡರಿನಿಂದ ಬೆರಳಗಲ ಕಳಚಿ ಜೋತ ಬಂಪರು, ಕಪ್ಪು ಟೇಪು ಸುತ್ತಿದ್ದು, ಬೈಂಡಿಂಗ್ ವೈರ್ ಬಿಗಿದದ್ದು ಎಲ್ಲ ಕಾಣುತ್ತವೆ. ಕಾರಿನವರು ಸುಮ್ಮನಿರುವುದು ಉದಾಸೀನದಿಂದಲ್ಲ. ದೊಡ್ಡ ವರ್ಕ್‌ಶಾಪಿಗೆ ಹೋದರೆ ಸಾಮಾನ್ಯವಾಗಿ ಸಿಗುವ ಉತ್ತರ "ಹೊಸದು ಹಾಕಬೇಕು". ರಸ್ತೆಬದಿಯ ಡೆಂಟಿಂಗ್-ಪೇಂಟಿಂಗ್ ಅಂಗಡಿಗೆ ಹೋದರೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದು ಕೊಡುತ್ತಾರೆ, ಆರು ತಿಂಗಳಿಗೆ ಅದೇ ಗೆರೆಯಲ್ಲಿ ಮತ್ತೆ ಬಿರುಕು. ಈ ಎರಡರ ನಡುವೆ ಮೂರನೆಯ ದಾರಿಯೊಂದಿದೆ. ಬಂಪರನ್ನು ಮನೆಯ ಅಂಗಳದಲ್ಲೇ ಕಳಚಿ, ಮಗುಚಿ ಹಾಕಿ, ಅದರ ಬೆನ್ನ ಕಡೆಯಿಂದ ರಿಪೇರಿ ಮಾಡುವುದು. ಕಾರಿನ ಹೊರಮೈಯಲ್ಲಿ ಸಾಮಾನ್ಯ ಮನುಷ್ಯನ ಕೈಗೆ ಇಷ್ಟು ಸುಲಭವಾಗಿ ಒದಗುವ ಭಾಗ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ.

ನಮ್ಮ ಕಣ್ಣಿಗೆ ಕಾಣುವ, ಬಣ್ಣ ಬಳಿದ ಭಾಗ ಬರೀ ಹೊದಿಕೆ, ಅಂದರೆ ಬಂಪರ್ ಕವರ್. ಹೆಚ್ಚಿನ ಕಾರುಗಳಲ್ಲಿ ಅದು ಮೂರು ಮಿಲಿಮೀಟರಿನ ಆಸುಪಾಸು ದಪ್ಪದ ಪ್ಲಾಸ್ಟಿಕ್. ಅದರ ಹಿಂದೆ ಫೋಮಿನ ದಿಂಡೋ ಪ್ಲಾಸ್ಟಿಕ್ ಜಾಲರಿಯೋ ಇರುತ್ತದೆ. ಅದಕ್ಕೂ ಹಿಂದೆ ಉಕ್ಕಿನ ಅಥವಾ ಅಲ್ಯೂಮಿನಿಯಮ್ಮಿನ ಅಡ್ಡಪಟ್ಟಿ. ಆ ಪಟ್ಟಿಯನ್ನು ಚಾಸಿಯ ಎರಡು ತೋಳುಗಳಿಗೆ ಹಿಡಿದಿರುವುದು ಗುದ್ದಿದಾಗ ತಾವೇ ಮಡಚಿಕೊಂಡು ಪೆಟ್ಟು ನುಂಗುವ ಎರಡು ಡಬ್ಬಿಗಳು. ಜೋರಾಗಿ ಗುದ್ದಿದಾಗ ಒಳಗೆ ಕುಳಿತವರನ್ನು ಕಾಯುವ ಸರಪಳಿ ಈ ಪಟ್ಟಿಯಿಂದ, ಈ ಡಬ್ಬಿಗಳಿಂದ ಶುರುವಾಗುತ್ತದೆ. ಹೊದಿಕೆಯ ಕೆಲಸ ಬೇರೆ. ಗಾಳಿಯನ್ನು ರೇಡಿಯೇಟರಿಗೆ ತಿರುಗಿಸುವುದು, ದೀಪ ಮತ್ತು ಸೆನ್ಸರುಗಳಿಗೆ ಜಾಗ ಕೊಡುವುದು, ಬಹಳ ಮುಖ್ಯವಾಗಿ, ರಸ್ತೆ ದಾಟುವವರ ಕಾಲಿಗೆ ತಗುಲಿದರೆ ಬಗ್ಗಿಕೊಡುವುದು.

ಹಿಂದೆ ಹೀಗಿರಲಿಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಿಗೆ ಕ್ರೋಮ್ ಲೇಪದ ಉಕ್ಕಿನ ಬಂಪರ್. ಡೊಂಕಾದರೆ ಟಿಂಕರಿಂಗ್ ಮೇಸ್ತ್ರಿ ಬಿಚ್ಚಿ, ಸುತ್ತಿಗೆಯಲ್ಲಿ ತಟ್ಟಿ ನೇರ ಮಾಡುತ್ತಿದ್ದ. ಕಾರಿಗೆ ತಗುಲಿದ ಪೆಟ್ಟಿಗಿಂತ ಎದುರಿನ ಮನುಷ್ಯನಿಗೆ ತಗುಲುತ್ತಿದ್ದ ಪೆಟ್ಟು ದೊಡ್ಡದು. 1972ರಲ್ಲಿ ಫ್ರಾನ್ಸಿನ ರೆನೊ 5 ಕಾರು ಪ್ಲಾಸ್ಟಿಕ್ ಬಂಪರನ್ನು ಜನಸಾಮಾನ್ಯರ ಕಾರಿಗೆ ತಂದಿತು. ನಮ್ಮಲ್ಲಿ ಆ ಬದಲಾವಣೆ ಮಾರುತಿಯ ಕಾಲದಿಂದ ಮೆಲ್ಲಗೆ ಬಂತು. ಪಿಂಪ್ರಿಯಲ್ಲಿ ತಯಾರಾಗಿ 1998ರಲ್ಲಿ ಬಂದ ಟಾಟಾ ಇಂಡಿಕಾದ ಹೊತ್ತಿಗೆ ಹೊಸ ಮಾದರಿಯ ಕಾರುಗಳಲ್ಲಿ ಉಕ್ಕಿನ ಬಂಪರ್ ಹಳೆಯ ಮಾತಾಗಿತ್ತು. ಆದರೂ ಪ್ಲಾಸ್ಟಿಕ್ ಬಂಪರಿನ ಮುಂದೆ ಕಬ್ಬಿಣದ ಕೊಳವೆಯ ಗಾರ್ಡ್ ಕೂರಿಸುವ ಚಟ ಎಷ್ಟೋ ವರ್ಷ ಹೋಗಲಿಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಇಂಥ ಗಾರ್ಡುಗಳು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧವೆಂದು ಹೇಳಿ, ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು. ಬಂಪರ್ ಉಳಿಸಲು ಗಾರ್ಡ್ ಹಾಕಿಸಬೇಕೆಂದು ಯೋಚಿಸುತ್ತಿದ್ದರೆ ಬಿಟ್ಟುಬಿಡಿ. ಅದು ಪೆಟ್ಟನ್ನು ನೇರವಾಗಿ ಚಾಸಿಗೆ ದಾಟಿಸುತ್ತದೆ, ಏರ್‌ಬ್ಯಾಗ್ ಸೆನ್ಸರಿನ ಲೆಕ್ಕ ಕೆಡಿಸುತ್ತದೆ, ಪಾದಚಾರಿಯ ಮೊಣಕಾಲನ್ನು ಪುಡಿ ಮಾಡುತ್ತದೆ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಕೈಯಿಂದ ನೋಡಬೇಕು. ಬಂಪರಿನ ಮೂಲೆ ಫೆಂಡರಿನಿಂದ ದೂರ ಸರಿದಿದ್ದರೆ ಅಂಗೈಯಲ್ಲಿ ಒತ್ತಿ. 'ಟಕ್' ಎಂದು ಕೂತು ಅಲ್ಲೇ ನಿಂತರೆ ಲಾಕು ಬಿಟ್ಟಿತ್ತು ಅಷ್ಟೆ, ಕೆಲಸ ಮುಗಿಯಿತು. ಒತ್ತಿದಾಗ ಕೂತು ಕೈ ತೆಗೆದೊಡನೆ ಮತ್ತೆ ಬಾಯಿ ಬಿಟ್ಟರೆ ಒಳಗಿನ ಸೈಡ್ ಬ್ರಾಕೆಟ್ ಮುರಿದಿದೆ, ಇಲ್ಲವೇ ಸ್ಕ್ರೂ ಕೂರುವ ಬಂಪರಿನ ಕಿವಿ ಹರಿದಿದೆ. ಬ್ರಾಕೆಟ್ ಪ್ರತ್ಯೇಕ ಬಿಡಿಭಾಗವಾಗಿ ಸಿಗುತ್ತದೆ, ಬೆಲೆಯೂ ಕಡಿಮೆ. ಜೋತ ಬಂಪರುಗಳಲ್ಲಿ ಹಲವಕ್ಕೆ ಬೇಕಾದದ್ದು ಈ ಬ್ರಾಕೆಟ್ ಒಂದೇ. ಒತ್ತಿದರೂ ಕೂರದೆ ಗಟ್ಟಿಯಾಗಿ ಎದುರು ನಿಂತರೆ ಹಿಂದಿನ ಲೋಹ ಜರುಗಿದೆ ಎಂದರ್ಥ. ಆಗ ಇದು ಮನೆಯ ಕೆಲಸವಲ್ಲ.

ಮನೆಯಲ್ಲಿ ಕೈ ಹಾಕಬಾರದ ಇನ್ನೊಂದು ಸಂದರ್ಭವೂ ಇದೆ. ಈಚಿನ ಕಾರುಗಳಲ್ಲಿ ಮುಂದಿನ ವಾಹನದ ದೂರ ಅಳೆದು ತಾನೇ ಬ್ರೇಕ್ ಹಾಕುವ ರಾಡಾರ್ ಬಂದಿದೆ. ಚಾಕಣದಲ್ಲಿ ತಯಾರಾದ ಮಹೀಂದ್ರ ಎಕ್ಸ್‌ಯುವಿ700ರ ಮೇಲ್ದರ್ಜೆಯ ಮಾದರಿಗಳಲ್ಲಿ ಅದಿದೆ. ರಾಡಾರಿನ ಮುಖ ಒಂದೆರಡು ಡಿಗ್ರಿ ತಿರುಗಿದರೂ ಅಳತೆ ತಪ್ಪುತ್ತದೆ. ಅದರ ಮುಂದಿನ ಪ್ಲಾಸ್ಟಿಕ್ಕಿಗೆ ಪುಟ್ಟಿಯ ದಪ್ಪ ಪದರ ಬಿದ್ದರೆ ಅಲೆಗಳು ದುರ್ಬಲವಾಗುತ್ತವೆ. ಅಂಥ ಕಾರಿನ ಬಂಪರ್ ಕಳಚಿದ ಮೇಲೆ ಕ್ಯಾಲಿಬ್ರೇಶನ್ ಮಾಡಿಸಬೇಕಾಗಬಹುದು. ಅದು ಉಪಕರಣವಿರುವ ವರ್ಕ್‌ಶಾಪಿನಲ್ಲೇ ಆಗಬೇಕು.

ಉಳಿದ ಕಾರುಗಳಿಗೆ ಬೇಕಾದ ಸಲಕರಣೆ ಬಹಳವಿಲ್ಲ. ಸ್ಟಾರ್ ಸ್ಕ್ರೂಡ್ರೈವರ್, 10ರ ಪಾನಾ ಮತ್ತು ಸಾಕೆಟ್, ಕೆಲವು ಕಾರುಗಳಿಗೆ ಟಾರ್ಕ್ಸ್ ಬಿಟ್, ಕ್ಲಿಪ್ ಎಬ್ಬಿಸಲು ಚಪ್ಪಟೆ ಪ್ಲಾಸ್ಟಿಕ್ ಸಲಾಕೆ, ಮಾಸ್ಕಿಂಗ್ ಟೇಪು, ಹಳೆಯ ಕಂಬಳಿ. ನಿಮ್ಮ ಕಾರಿಗೆ ಹೊಂದುವ ಹತ್ತು ಹದಿನೈದು ಹೊಸ ಕ್ಲಿಪ್ಪುಗಳನ್ನು ಮೊದಲೇ ತಂದಿಟ್ಟುಕೊಳ್ಳಿ. ಬಿಸಿಲಿಗೆ ಒಣಗಿದ ಹಳೆಯ ಕ್ಲಿಪ್ ತೆಗೆಯುವಾಗ ಮುರಿದೇ ಮುರಿಯುತ್ತವೆ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ. ದೇಹೂ ರೋಡಿನವರು ನಿಗಡಿ, ಚಿಂಚವಡಗಳ ಬಿಡಿಭಾಗದ ಅಂಗಡಿಗಳಿಗೆ ಹೋಗುತ್ತಾರೆ.

ನನಗೆ ಈ ಕೆಲಸ ಕಲಿಸಿದವರು ನೆರೆಮನೆಯ ವಿಜಯಪುರ ಕಡೆಯ ಹಿರಿಯರು. ಇಲ್ಲಿನ ಡಿಪೊದಲ್ಲಿ ನೌಕರಿ ಮುಗಿಸಿ ಇಲ್ಲೇ ಮನೆ ಮಾಡಿಕೊಂಡವರು. ನಮಗೆಲ್ಲ ಕಾಕಾ. ಕೆಲಸ ಶುರುವಾಗುವ ಮೊದಲು ಅವರು ರಟ್ಟಿನ ದೊಡ್ಡ ಹಾಳೆಯ ಮೇಲೆ ಪೆನ್ಸಿಲಿನಿಂದ ಬಂಪರಿನ ಆಕಾರ ಬರೆಯುತ್ತಾರೆ. ಬಿಚ್ಚಿದ ಪ್ರತಿ ಸ್ಕ್ರೂವನ್ನು ಅದು ಇದ್ದ ಜಾಗದಲ್ಲೇ ರಟ್ಟಿಗೆ ಚುಚ್ಚುತ್ತಾರೆ. ಮೇಲಿನ ಸ್ಕ್ರೂ ಗಿಡ್ಡ, ಕೆಳಗಿನದು ಉದ್ದ, ಚಕ್ರದ ಬಳಿಯದಕ್ಕೆ ಅಗಲ ತಲೆ. ಇವು ಅದಲುಬದಲಾದರೆ ಉದ್ದದ್ದು ಎಲ್ಲೋ ತೂರಿ ಏನನ್ನೋ ಚುಚ್ಚುತ್ತದೆ. ಈ ರಟ್ಟಿನ ಪದ್ಧತಿಗಿಂತ ಒಳ್ಳೆಯದನ್ನು ನಾನು ಎಲ್ಲೂ ನೋಡಿಲ್ಲ.

ಕಾರನ್ನು ಸಮನೆಲದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಎಂಜಿನ್ ತಣ್ಣಗಿರಲಿ. ಕೀಲಿ ತೆಗೆದು, ಬಾನೆಟ್ ಎತ್ತಿ, ಬ್ಯಾಟರಿಯ ಮೈನಸ್ ತಂತಿ ಬಿಡಿಸಿ ಕೆಲವು ನಿಮಿಷ ಬಿಡಿ. ಬಂಪರಿನ ಹಿಂದೆ, ರೇಡಿಯೇಟರಿನ ಚೌಕಟ್ಟಿನ ಮೇಲೆ ಏರ್‌ಬ್ಯಾಗಿನ ಸೆನ್ಸರ್ ಇರಬಹುದು, ಅದನ್ನು ಮುಟ್ಟಬೇಡಿ. ಕನೆಕ್ಟರುಗಳು ಬಿಚ್ಚಿರುವಾಗ ಕೀಲಿ ತಿರುಗಿಸಬೇಡಿ. ಆಮೇಲೆ ಮೀಟರ್ ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಉಳಿದುಕೊಂಡು ತಲೆನೋವಾಗುತ್ತದೆ.

ಮೊದಲು ಗ್ರಿಲ್ಲಿನ ಮೇಲಂಚಿನ ಕ್ಲಿಪ್ಪುಗಳು. ಕೆಲವಕ್ಕೆ ನಡುವಿನ ಮೊಳೆಯನ್ನು ಮೇಲಕ್ಕೆ ಎಬ್ಬಿಸಿ ಆಮೇಲೆ ಪೂರ್ತಿ ಕ್ಲಿಪ್ ತೆಗೆಯಬೇಕು. ಕೆಲವಕ್ಕೆ ಮೊಳೆಯನ್ನು ಒಳಕ್ಕೆ ಸ್ವಲ್ಪ ಒತ್ತಿದರೆ ಲಾಕು ಸಡಿಲುತ್ತದೆ. ಯಾವುದೆಂದು ತಿಳಿಯದೆ ಬಲ ಹಾಕಿದರೆ ಮುರಿಯುವುದು ಕ್ಲಿಪ್ ಒಂದೇ ಅಲ್ಲ, ಬಂಪರಿನ ರಂಧ್ರವೂ ಹರಿಯುತ್ತದೆ. ಮೇಲಿನದು ಮುಗಿದ ಮೇಲೆ ಕೆಳಗಿನ ಸ್ಕ್ರೂಗಳು. ಬರೀ ಜಾಕಿನ ಮೇಲೆ ನಿಂತ ಕಾರಿನಡಿಗೆ ಯಾರೂ ತಲೆ ಹಾಕಬಾರದು. ಕೈ ಚಾಚಿದರೆ ಸಿಗುವಷ್ಟಕ್ಕೆ ಕಾರು ಎತ್ತುವ ಅಗತ್ಯವೂ ಬೀಳುವುದಿಲ್ಲ. ಚಕ್ರದ ಕಮಾನಿನ ಒಳಗಿನ ಕಪ್ಪು ಲೈನಿಂಗ್ ಬಿಚ್ಚಲು ಕೀಲಿ ತೆಗೆಯುವ ಮೊದಲೇ ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿಕೊಂಡಿದ್ದರೆ ಜಾಗ ಆಗುತ್ತದೆ. ಲೈನಿಂಗ್ ಹಿಂದಕ್ಕೆ ಮಡಚಿದರೆ ಫೆಂಡರಿಗೂ ಬಂಪರಿಗೂ ಸೇರುವ ಮೂಲೆಯಲ್ಲಿ ಒಂದು ಸ್ಕ್ರೂ ಕಾಣುತ್ತದೆ. ಹೊಸಬರು ಮರೆಯುವುದು ಇದನ್ನೇ. ಇದೊಂದು ಉಳಿದಿರುವಾಗ ಎಳೆದು ಬ್ರಾಕೆಟ್ ಮುರಿದವರು ಬಹಳ.

ಎಳೆಯುವ ಮೊದಲು ಫೆಂಡರಿನ ಅಂಚಿಗೆ ಮಾಸ್ಕಿಂಗ್ ಟೇಪು ಅಂಟಿಸಿ. ಇಬ್ಬರು ಬೇಕು, ಒಂದೊಂದು ತುದಿಗೆ ಒಬ್ಬೊಬ್ಬರು. ಬಂಪರ್ ಭಾರವಲ್ಲ, ಆದರೆ ಕಾರಿನಷ್ಟೇ ಅಗಲ. ಒಬ್ಬನೇ ಎಳೆದರೆ ಇನ್ನೊಂದು ತುದಿ ಬಾಗಿ ಬಣ್ಣ ಬಿರಿಯುತ್ತದೆ. ಚಕ್ರದ ಕಮಾನಿನ ಬಳಿ ಬೆರಳು ತೂರಿಸಿ ಪಕ್ಕಕ್ಕೆ, ಅಂದರೆ ಕಾರಿನಿಂದ ಹೊರಕ್ಕೆ ಎಳೆಯಬೇಕು. ಲಾಕುಗಳು ಒಂದೊಂದಾಗಿ ಬಿಟ್ಟ ಮೇಲೆ ಮಾತ್ರ ಮುಂದಕ್ಕೆ. "ಸುಮ್ನ ಮುಂದಕ ಜಗ್ಗಬ್ಯಾಡ ತಮ್ಮಾ, ಬಾಜೂಕ ಜಗ್ಗು. ಅದರ ದಾರೀಲೆ ಜಗ್ಗಿದ್ರ ತಾನ ಬರತೈತಿ," ಎಂದು ಕಾಕಾ ಹೇಳುತ್ತಿದ್ದದ್ದು ಈ ಘಟ್ಟದಲ್ಲೇ. ಸ್ವಲ್ಪ ಮುಂದೆ ಬಂದೊಡನೆ ನಿಲ್ಲಿಸಿ, ಫಾಗ್ ಲ್ಯಾಂಪಿನ ಮತ್ತು ಪಾರ್ಕಿಂಗ್ ಸೆನ್ಸರಿನ ಕನೆಕ್ಟರುಗಳ ನಾಲಗೆ ಒತ್ತಿ ಬಿಡಿಸಿ. ತಂತಿ ಹಿಡಿದು ಎಳೆಯಬಾರದು. ಆಮೇಲೆ ಬಂಪರನ್ನು ಕಂಬಳಿಯ ಮೇಲೆ ಬೋರಲು ಮಲಗಿಸಿ.

ಮುಂದಿನ ಬಂಪರಿಗೆ ನಂಬರ್ ಪ್ಲೇಟ್ ಕೂತಿರುತ್ತದೆ, ಈಗಿನದು ಹೈ ಸೆಕ್ಯುರಿಟಿ ಪ್ಲೇಟ್, ಅಂದರೆ ಎಚ್‌ಎಸ್‌ಆರ್‌ಪಿ. ಅದರ ಸ್ನ್ಯಾಪ್ ಲಾಕ್ ಒಮ್ಮೆ ಮುರಿದರೆ ಮತ್ತೆ ಬಳಸಲು ಬರುವಂಥದ್ದಲ್ಲ. ಆದ್ದರಿಂದ ಪ್ಲೇಟನ್ನು ಬಂಪರಿನ ಮೇಲೇ ಬಿಟ್ಟು, ಬಣ್ಣದ ಹೊತ್ತಿಗೆ ಕಾಗದ ಮತ್ತು ಟೇಪಿನಿಂದ ಮುಚ್ಚಿದರಾಯಿತು. ಮುಂದಿನ ಪ್ಲೇಟಿಲ್ಲದ ಕಾರು ರಸ್ತೆಗಿಳಿಯುವಂತಿಲ್ಲ. ಬಂಪರ್ ಕಳಚಿರುವಷ್ಟು ದಿನ ಕಾರು ಮನೆಯಲ್ಲೇ ಇರಬೇಕು, ಓಡಾಟಕ್ಕೆ ಬೇರೆ ವ್ಯವಸ್ಥೆ ಮಾಡಿಕೊಂಡೇ ಕೈ ಹಾಕಿ.

ಈಗ ತೆರೆದುಕೊಂಡ ಕಾರಿನ ಮುಂಭಾಗವನ್ನು ನಿಧಾನವಾಗಿ ನೋಡಬೇಕು. ಅಡ್ಡಪಟ್ಟಿ ಬಾಗಿದೆಯೇ? ಡಬ್ಬಿಗಳು ಮಡಚಿವೆಯೇ? ಎ.ಸಿ. ಕಂಡೆನ್ಸರಿನ ರೆಕ್ಕೆಗಳ ಮೇಲೆ ಎಣ್ಣೆಯ ಕಲೆ ಇದೆಯೇ? ರೇಡಿಯೇಟರಿನ ಅಂಚಿನಲ್ಲಿ ಕೂಲಂಟಿನ ಒಣಗಿದ ಗುರುತಿದೆಯೇ? ಒಂದಕ್ಕಾದರೂ ಹೌದು ಎಂಬ ಉತ್ತರ ಬಂದರೆ ಹೊದಿಕೆಯ ಮಾತು ಆಮೇಲೆ, ಮೊದಲು ಕಾರು ವರ್ಕ್‌ಶಾಪಿಗೆ ಹೋಗಲಿ. ಹೊದಿಕೆ ತನ್ನ ಆಕಾರಕ್ಕೆ ತಾನೇ ಮರಳಿ ಒಳಗಿನ ಪೆಟ್ಟನ್ನು ಮುಚ್ಚಿಟ್ಟಿರುತ್ತದೆ. ಬಂಪರ್ ಕಳಚುವುದರ ಅರ್ಧ ಲಾಭ ಈ ತಪಾಸಣೆಯಲ್ಲೇ ಇದೆ.

ಬೋರಲು ಮಲಗಿದ ಬಂಪರಿನ ಬೆನ್ನಲ್ಲಿ ಎಲ್ಲೋ ಒಂದು ಕಡೆ, ಎರಡು ಚೂಪು ಕಂಸಗಳ ನಡುವೆ, ಅಚ್ಚಿನಲ್ಲೇ ಮೂಡಿದ ಅಕ್ಷರಗಳಿರುತ್ತವೆ. ಧೂಳು ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ಓದಿ. ಬಹುಪಾಲು ಕಾರುಗಳಲ್ಲಿ 'ಪಿಪಿ+ಇಪಿಡಿಎಂ-ಟಿ20' ಎನ್ನುವ ಮಾದರಿಯ ಬರಹ ಸಿಗುತ್ತದೆ. ಪಾಲಿಪ್ರೊಪಿಲೀನ್, ಅದಕ್ಕೆ ಬಾಗುವ ಗುಣ ಕೊಡಲು ರಬ್ಬರ್, ಗಟ್ಟಿತನಕ್ಕೆ ನೂರಕ್ಕೆ ಇಪ್ಪತ್ತು ಪಾಲು ಟಾಲ್ಕ್ ಪುಡಿ ಎಂದು ಅದರ ಅರ್ಥ. ಗ್ರಿಲ್ಲಿಗೆ ಸಾಮಾನ್ಯವಾಗಿ ಎಬಿಎಸ್ ಬಳಸುತ್ತಾರೆ. ತುಣುಕೊಂದನ್ನು ನೀರಿಗೆ ಹಾಕಿ, ತೇಲಿದರೆ ಪಾಲಿಪ್ರೊಪಿಲೀನ್, ಮುಳುಗಿದರೆ ಎಬಿಎಸ್ ಎಂಬ ಪರೀಕ್ಷೆಯನ್ನು ಕೆಲವರು ಹೇಳುತ್ತಾರೆ. ಬಂಪರಿನ ಮಟ್ಟಿಗೆ ಅದನ್ನು ನಂಬಬೇಡಿ. ಬರೀ ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ ನಿಜ, ಸಾಂದ್ರತೆ 0.9. ಇಪ್ಪತ್ತು ಪಾಲು ಟಾಲ್ಕ್ ಸೇರಿದರೆ ಅದು 1ನ್ನು ದಾಟಿ ಮುಳುಗುತ್ತದೆ. ಅಕ್ಷರ ಓದುವುದೇ ಸರಿಯಾದ ದಾರಿ.

ಈ ಪ್ಲಾಸ್ಟಿಕ್ಕಿನ ಸ್ವಭಾವ ತಿಳಿದರೆ ಪುಟ್ಟಿ ಯಾಕೆ ಉದುರುತ್ತದೆ ಎಂಬುದೂ ತಿಳಿಯುತ್ತದೆ. ಪಾಲಿಪ್ರೊಪಿಲೀನಿನ ಮೇಲ್ಮೈಗೆ ಯಾವುದನ್ನೂ ಹಿಡಿದುಕೊಳ್ಳುವ ಗುಣವಿಲ್ಲ. ಫೆವಿಕ್ವಿಕ್ ಹಿಡಿಯುವುದಿಲ್ಲ, ಎಂ-ಸೀಲ್ ಒಣಗಿದ ಮೇಲೆ ಚಕ್ಕೆಯಾಗಿ ಏಳುತ್ತದೆ, ತಗಡಿಗೆಂದು ತಯಾರಾದ ಪಾಲಿಯೆಸ್ಟರ್ ಪುಟ್ಟಿ ಬಂಪರ್ ಬಾಗಿದಾಗ ತಾನು ಬಾಗಲಾರದೆ ಬಿರಿಯುತ್ತದೆ. ಕಾರ್ಖಾನೆಯಲ್ಲಿ ಬಣ್ಣ ಹಿಡಿಯುವಂತೆ ಮಾಡಲು ಮೇಲ್ಮೈ ಮೇಲೆ ಕ್ಷಣಮಾತ್ರ ಬೆಂಕಿಯ ಜ್ವಾಲೆ ಹಾಯಿಸುವುದುಂಟು, ಇಲ್ಲವೇ ವಿಶೇಷ ಪ್ರೈಮರ್ ಬಳಿಯುತ್ತಾರೆ. ಆದ್ದರಿಂದ ಬಿರುಕಿಗೆ ಮದ್ದು ಅಂಟಲ್ಲ, ಬೆಸುಗೆ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ, ತಣಿದಾಗ ಮತ್ತೆ ಗಟ್ಟಿಯಾಗುತ್ತದೆ. ತನ್ನ ಜಾತಿಯದರ ಜೊತೆ ಮಾತ್ರ ಬೆರೆಯುತ್ತದೆ.

ಬರೀ ತಗ್ಗು ಬಿದ್ದಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಕುದಿಯುವ ನೀರನ್ನು ತಗ್ಗಿನ ಸುತ್ತ ನಿಧಾನವಾಗಿ ಸುರಿದು, ದಪ್ಪ ಕೈಗವಸು ಹಾಕಿಕೊಂಡು ಹಿಂದಿನಿಂದ ಒತ್ತಿದರೆ ಹೊರಗೆ ಬರುತ್ತದೆ. ಬಂದೊಡನೆ ತಣ್ಣೀರು. ಹೀಟ್ ಗನ್ ಇದ್ದರೆ ಒಂದೇ ಕಡೆ ಹಿಡಿಯದೆ ಆಡಿಸುತ್ತಿರಬೇಕು, ಇಲ್ಲವಾದರೆ ಬಣ್ಣ ಗುಳ್ಳೆ ಏಳುತ್ತದೆ. ಚೂಪಾಗಿ ಮಡಚಿದ ಗೆರೆ ಪೂರ್ತಿ ಹೋಗುವುದಿಲ್ಲ.

ಬಿರುಕಿಗೆ ತಾಳ್ಮೆ ಬೇಕು. ಮೊದಲು ಸೋಪಿನ ನೀರಿನಿಂದ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಎರಡೂ ಬದಿ ಒರೆಸಿ. ಬಿರುಕು ನಿಂತಿರುವ ತುದಿಯಲ್ಲಿ 3 ಮಿಲಿಮೀಟರಿನ ಒಂದು ರಂಧ್ರ ಕೊರೆಯಿರಿ. ಚೂಪು ತುದಿಯಲ್ಲಿ ಒಟ್ಟುಗೂಡುವ ಒತ್ತಡ ದುಂಡು ರಂಧ್ರದಲ್ಲಿ ಹಂಚಿಹೋಗಿ ಬಿರುಕು ಮುಂದೆ ಓಡದು. ಮುಂಭಾಗದಲ್ಲಿ ಎರಡೂ ಅಂಚುಗಳನ್ನು ಸಮಕ್ಕೆ ಕೂಡಿಸಿ ಅಲ್ಯೂಮಿನಿಯಂ ಟೇಪು ಬಿಗಿಯಾಗಿ ಅಂಟಿಸಿ. ಈಗ ಬಂಪರ್ ಮಗುಚಿ. ಬೆನ್ನ ಕಡೆ ಬಿರುಕಿನುದ್ದಕ್ಕೂ ಇಂಗ್ಲಿಷಿನ ವಿ ಆಕಾರದ ಕಾಲುವೆ ತೋಡಬೇಕು, ಆಳ ಪ್ಲಾಸ್ಟಿಕ್ಕಿನ ದಪ್ಪದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಬಿಸಿ ನಿಯಂತ್ರಿಸಬಹುದಾದ, ಚಪ್ಪಟೆ ತುದಿಯ ಸೋಲ್ಡರಿಂಗ್ ಐರನ್ ಇದಕ್ಕೆ ತಕ್ಕದ್ದು. ರೇಡಿಯೊ ರಿಪೇರಿಯ ಸಾದಾ ಐರನ್ನಿನ ತುದಿ 350 ಡಿಗ್ರಿ ಮುಟ್ಟುತ್ತದೆ. ಆ ಬಿಸಿಗೆ ಪ್ಲಾಸ್ಟಿಕ್ ಕರಗುವ ಬದಲು ಸುಡುತ್ತದೆ. ಹೊಗೆ ಬಂದು ಬಣ್ಣ ಕಂದಿದರೆ ಅಲ್ಲಿ ಬೆಸುಗೆಗೆ ಶಕ್ತಿ ಇಲ್ಲ. ಕಾಲುವೆ ತುಂಬಲು ಬೇಕಾದ ಕಡ್ಡಿಯನ್ನು ಅಂಗಡಿಯಿಂದ ತರಬಹುದು. ಅದಕ್ಕಿಂತ ಒಳ್ಳೆಯದು ಅದೇ ಅಕ್ಷರವಿರುವ ಹಳೆಯ ಬಂಪರಿನಿಂದ ಕತ್ತರಿಸಿದ ಪಟ್ಟಿ. ವಿಡಿಯೊಗಳಲ್ಲಿ ಕೇಬಲ್ ಟೈ ಕರಗಿಸಿ ತುಂಬುವುದನ್ನು ತೋರಿಸುತ್ತಾರೆ. ಕೇಬಲ್ ಟೈ ನೈಲಾನ್, ಅದು ಕರಗುವುದು 260 ಡಿಗ್ರಿಯ ಸುಮಾರಿಗೆ, ಪಾಲಿಪ್ರೊಪಿಲೀನಿನ ಜೊತೆ ಬೆರೆಯುವುದೇ ಇಲ್ಲ. ನೋಡಲು ತುಂಬಿದಂತೆ ಕಾಣುತ್ತದೆ, ಉಗುರಿನಿಂದ ಎಬ್ಬಿಸಿದರೆ ಪಟ್ಟಿಯಾಗಿ ಏಳುತ್ತದೆ. ಇದನ್ನು ನಂಬಿ ಕೆಲಸ ಕೆಡಿಸಿಕೊಂಡವರು ಎಷ್ಟೋ ಮಂದಿ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಕಾಲುವೆಯ ತಳವನ್ನೂ ಕಡ್ಡಿಯನ್ನೂ ಒಟ್ಟಿಗೆ ಕರಗಿಸಬೇಕು. ಕಡ್ಡಿ ಮಾತ್ರ ಕರಗಿ ತಣ್ಣನೆಯ ಪ್ಲಾಸ್ಟಿಕ್ಕಿನ ಮೇಲೆ ಕೂತರೆ ಅದು ಬೆಸುಗೆಯಲ್ಲ. ಐರನ್ನಿನ ಚಪ್ಪಟೆ ತುದಿಯನ್ನು ಎರಡೂ ಅಂಚುಗಳಿಗೆ ತಾಗುವಂತೆ ಇಟ್ಟು, ಮೈ ಮಿರುಗುವ ತನಕ ಕಾದು, ಕಡ್ಡಿ ಒತ್ತುತ್ತ, ಕಲಸುತ್ತ ಒಂದೊಂದು ಇಂಚು ಮುಂದೆ ಸಾಗಬೇಕು. ಬಿರುಕು ಬಂಪರಿನ ಅಂಚಿನ ತನಕ ಹೋಗಿದ್ದರೆ ಬೆಸುಗೆಯ ಮೇಲೆ ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಜಾಲರಿ ಇಟ್ಟು ಕರಗಿಸಿ ಒಳಗೆ ಹೂತುಬಿಡಿ. ಹಾಟ್ ಸ್ಟೇಪ್ಲರ್ ಇದ್ದರೆ ಅಲೆಯಂಥ ತಂತಿಯನ್ನು ಕಾಯಿಸಿ ಬಿರುಕಿಗೆ ಅಡ್ಡಲಾಗಿ ಒತ್ತಬಹುದು. ಅಂಗಿಯ ಒಳಹೊಲಿಗೆಯ ಹಾಗೆ, ಹಿಡಿತವೆಲ್ಲ ಒಳಗೆ, ಹೊರಗೆ ಏನೂ ಕಾಣಬಾರದು. ತಂತಿ ದಪ್ಪದ ಮೂರರಲ್ಲಿ ಎರಡು ಪಾಲಿಗಿಂತ ಆಳ ಹೋದರೆ ಮುಂಭಾಗದಲ್ಲಿ ಉಬ್ಬು ಏಳುತ್ತದೆ. ಕಬ್ಬಿಣದ ತಂತಿ ಬೇಡ, ತುಕ್ಕು ಹಿಡಿಯುತ್ತದೆ. ತಣಿಯಲು ಬಿಡಿ, ನೀರು ಹಾಕಿ ಅವಸರ ಮಾಡಬೇಡಿ. ಈ ಕೆಲಸವೆಲ್ಲ ಗಾಳಿಯಾಡುವ ಜಾಗದಲ್ಲೇ ನಡೆಯಲಿ.

ಹರಿದ ಕಿವಿಗಳನ್ನೂ ಹೀಗೆಯೇ ಕಟ್ಟಬಹುದು. ಜಾಲರಿಯನ್ನು ಕಿವಿಯ ಆಕಾರಕ್ಕೆ ಕತ್ತರಿಸಿ, ಎರಡೂ ಬದಿಗೆ ಪ್ಲಾಸ್ಟಿಕ್ ಕರಗಿಸಿ ಮೆತ್ತಿ, ತಣಿದ ಮೇಲೆ ರಂಧ್ರ ಕೊರೆದರೆ ಹಳೆಯದಕ್ಕಿಂತ ಗಟ್ಟಿ. ಇಲ್ಲಿ ಅಂದ ನೋಡುವವರಿಲ್ಲ. ಹೆದ್ದಾರಿಯಲ್ಲಿ ಬಂಪರನ್ನು ಹಿಡಿದಿಡುವುದು ಈ ಕಿವಿಗಳೇ. ಪೇಂಟಿಂಗ್ ಅಂಗಡಿಯಲ್ಲಿ ಬಂಪರ್ ಕಳಚದೆ ಕೆಲಸ ಮುಗಿಸಿದರೆ ಯಾರೂ ಗಮನಿಸದೆ ಉಳಿಯುವುದೂ ಇವೇ.

ಮುಂಭಾಗ ಇನ್ನುಳಿದದ್ದು. ಟೇಪು ತೆಗೆದು, ತೆಳ್ಳಗೆ ಕಾಲುವೆ ಮಾಡಿ ತುಂಬಿ, 80ರ ಎಮರಿ ಕಾಗದದಿಂದ ಶುರುಮಾಡಿ 180, 320 ಎಂದು ನುಣುಪಿಗೆ ಬನ್ನಿ. ಪ್ಲಾಸ್ಟಿಕ್ ಬೆತ್ತಲಾದ ಕಡೆ ಅಡ್ಹೀಶನ್ ಪ್ರೊಮೋಟರ್ ಎಂಬ ಸ್ಪ್ರೇ ಹೊಡೆಯದೆ ಮುಂದೆ ಹೋಗಬೇಡಿ. ಹೋದರೆ ಪ್ರೆಶರ್ ವಾಶ್ ಮಾಡಿಸುವಾಗ ಬಣ್ಣ ಹಾಳೆಯಾಗಿ ಎದ್ದುಬರುತ್ತದೆ. ಪುಟ್ಟಿ ಬೇಕಾದರೆ ಪ್ಲಾಸ್ಟಿಕ್ಕಿಗೆಂದೇ ಇರುವ, ಬಾಗುವ ಪುಟ್ಟಿ, ಅದೂ ತೆಳುವಾಗಿ. ಆಮೇಲೆ ಪ್ರೈಮರ್, 600ರ ಕಾಗದದಿಂದ ನೀರು ಹಾಕಿ ಉಜ್ಜುವುದು, ಬಣ್ಣ, ಕ್ಲಿಯರ್ ಕೋಟ್. ಬಣ್ಣದ ಕೋಡ್ ಬಾಗಿಲಿನ ಕಂಬದ ಮೇಲೋ ಬಾನೆಟ್ಟಿನ ಅಡಿಯ ಫಲಕದ ಮೇಲೋ ಇರುತ್ತದೆ.

ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಬೆಸುಗೆ ನೀವು ಮಾಡಿ, ಬಣ್ಣ ಪೇಂಟರಿಗೆ ಬಿಡಿ. ಬಿಳಿ ಕಾರಾದರೆ ಸ್ಪ್ರೇ ಡಬ್ಬಿಯಲ್ಲಿ ಒಪ್ಪುವಂತೆ ಬರಬಹುದು. ಬೆಳ್ಳಿ, ಬೂದು ಮೆಟಾಲಿಕ್ ಬಣ್ಣಗಳಲ್ಲಿ ಲೋಹದ ಕಣ ಕೂರುವ ರೀತಿಯಿಂದಲೇ ಛಾಯೆ ಬದಲಾಗುತ್ತದೆ, ಪಕ್ಕದ ಫೆಂಡರಿಗೆ ಹೊಂದುವುದಿಲ್ಲ. ಗಟ್ಟಿಯಾಗಿ ಉಳಿಯುವ ಎರಡು ಭಾಗದ ಕ್ಲಿಯರ್ ಕೋಟಿನಲ್ಲಿ ಐಸೊಸೈನೇಟ್ ಇರುತ್ತದೆ. ಅದು ಉಸಿರಿಗೆ ಹೋದರೆ ಅಸ್ತಮಾ ತರಬಲ್ಲದು, ಬಟ್ಟೆಯ ಮಾಸ್ಕು ಅದನ್ನು ತಡೆಯುವುದಿಲ್ಲ. ಮಕ್ಕಳಾಡುವ ಪಾರ್ಕಿಂಗಿನಲ್ಲಿ ಅದನ್ನು ಹೊಡೆಯುವುದು ತಪ್ಪು. ಕಳಚಿದ ಬಂಪರನ್ನು ಮಾತ್ರ ಟೆಂಪೊದಲ್ಲಿ ಒಯ್ದು ಕೊಟ್ಟರೆ ಪೇಂಟರಿಗೂ ಅನುಕೂಲ, ಕಾರಿಗೆ ಕಾಗದ ಮುಚ್ಚುವ ಕೆಲಸವಿಲ್ಲ, ಅಂಚುಗಳ ಒಳಗೂ ಬಣ್ಣ ಹೋಗುತ್ತದೆ. ಕಾಲವನ್ನೂ ನೋಡಿಕೊಳ್ಳಿ. ಪಕ್ಕದ ದೇಹೂವಿನಿಂದ ತುಕಾರಾಮರ ಪಾಲಖಿ ಪಂಢರಪುರಕ್ಕೆ ಹೊರಡುವ ಹೊತ್ತಿಗೆ ಇಲ್ಲಿ ಮಳೆ ಹಿಡಿದಿರುತ್ತದೆ. ಆ ತೇವದಲ್ಲಿ ಹೊಡೆದ ಬಣ್ಣ ಮಂಕಾಗಿ ಬಿಳಿಚಿಕೊಳ್ಳುವುದುಂಟು. ಪಾಲಖಿಗೆ ಮುಂಚೆ ಮುಗಿಸಿ, ಇಲ್ಲವೇ ದಸರೆಯ ತನಕ ಕಾಯಿರಿ.

ಇಷ್ಟೆಲ್ಲ ಯಾಕೆ, ವಿಮೆ ಇದೆಯಲ್ಲ ಎಂದು ಕೇಳುವವರು ಪಾಲಿಸಿಯ ಲೆಕ್ಕ ಒಮ್ಮೆ ಹಾಕಿ ನೋಡಬೇಕು. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳಿಗೆ ನೂರಕ್ಕೆ 50ರಷ್ಟು ಸವಕಳಿ ಕಳೆಯುತ್ತಾರೆ, ಕಾರು ಹೊಸದಿದ್ದರೂ ಸರಿ. ಜೊತೆಗೆ 1500 ಸಿ.ಸಿ. ತನಕದ ಕಾರಿಗೆ 1,000 ರೂಪಾಯಿ, ಅದಕ್ಕೂ ದೊಡ್ಡದಕ್ಕೆ 2,000 ರೂಪಾಯಿ ಕಡ್ಡಾಯವಾಗಿ ನಮ್ಮ ಪಾಲು. ಉದಾಹರಣೆಗೆ ಹೊದಿಕೆಯ ಬೆಲೆ 6,000 ರೂಪಾಯಿ ಎಂದಿಟ್ಟುಕೊಂಡರೆ ಸಣ್ಣ ಕಾರಿಗೆ ಕೈಗೆ ಬರುವುದು 2,000. ಅದಕ್ಕೆ ತೆರುವ ಬೆಲೆ ನೋ ಕ್ಲೇಮ್ ಬೋನಸ್. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20, ಆಮೇಲೆ 25, 35, 45, ಐದನೆಯ ವರ್ಷಕ್ಕೆ 50 ಶೇಕಡಾ ಎಂದು ಏರುವ ಈ ರಿಯಾಯಿತಿ ಒಂದು ಕ್ಲೇಮಿಗೆ ಸೊನ್ನೆಗೆ ಇಳಿಯುತ್ತದೆ. ಓನ್ ಡ್ಯಾಮೇಜ್ ಪ್ರೀಮಿಯಂ 8,000 ಇದ್ದು ಬೋನಸ್ 50ರಲ್ಲಿ ಇದ್ದವರಿಗೆ ಮರುವರ್ಷವೇ 4,000 ನಷ್ಟ, ಮತ್ತೆ ಆ ಮಟ್ಟ ಮುಟ್ಟಲು ಐದು ವರ್ಷ. ಜೀರೊ ಡೆಪ್ ಪಾಲಿಸಿ ಸವಕಳಿಯನ್ನು ತಪ್ಪಿಸುತ್ತದೆ, ಬೋನಸ್ ಉಳಿಸುವುದಿಲ್ಲ, ಅದಕ್ಕೆ ಬೇರೆ ರಕ್ಷಣೆ ಕೊಳ್ಳಬೇಕು. ದೀಪ, ರೇಡಿಯೇಟರ್, ಅಡ್ಡಪಟ್ಟಿ ಎಲ್ಲ ಹೋಗಿದ್ದರೆ ಕ್ಲೇಮ್ ಮಾಡಿ, ವಿಮೆ ಇರುವುದು ಅದಕ್ಕೇ. ಒಂದು ಗೇಣು ಬಿರುಕಿಗೆ ಬೇಡ.

ತುಂಡುತುಂಡಾದ ಬಂಪರಿಗೆ ಬೆಸುಗೆ ಸಾಲದು. ಆಗ ಹಳೆಯ ಕಾರಿನಿಂದ ಬಿಚ್ಚಿದ ಒಳ್ಳೆಯ ಬಂಪರ್ ಹುಡುಕುವುದು ಹೊಸದಕ್ಕಿಂತ ಅಗ್ಗ. ದೇಹೂ ರೋಡಿಗೆ ಹತ್ತಿರದ ಚಿಖಲಿಯ ಕುದಳವಾಡಿ ಗುಜರಿಯ ದೊಡ್ಡ ಕೇಂದ್ರವಾಗಿತ್ತು. 2025ರ ಫೆಬ್ರವರಿಯಲ್ಲಿ ಪಿಂಪ್ರಿ-ಚಿಂಚವಡ ಮಹಾನಗರ ಪಾಲಿಕೆ ಅಲ್ಲಿನ ಅನಧಿಕೃತ ಶೆಡ್ಡು, ಗೋದಾಮುಗಳನ್ನು ನೆಲಸಮ ಮಾಡಿತು. ಈಗ ಹುಡುಕಾಟಕ್ಕೆ ಸ್ವಲ್ಪ ಹೆಚ್ಚು ಅಲೆಯಬೇಕು. ಬೆಂಗಳೂರಿನಲ್ಲಿ ಶಿವಾಜಿನಗರದ ಗುಜರಿ ಇದೆ. ಹಳೆಯದನ್ನು ಕೊಳ್ಳುವಾಗ ಮುಖ ನೋಡದೆ ಮಗುಚಿ ಬೆನ್ನು ನೋಡಿ. ಪುಟ್ಟಿಯಲ್ಲಿ ಮುಚ್ಚಿದ ಬಿರುಕು, ಹರಿದ ಕಿವಿ ಅಲ್ಲಿ ಗೊತ್ತಾಗುತ್ತವೆ.

ಮರುಜೋಡಣೆಗೆ ಕಳಚಿದ ಕ್ರಮವನ್ನೇ ತಿರುವಿದರಾಯಿತು. ಫೋಮ್ ಅದರ ಜಾಗಕ್ಕೆ ಹೋಗಲಿ. ರಿಪೇರಿಯ ನಂತರ ಅದು ಮೂಲೆಯಲ್ಲೇ ಉಳಿದುಬಿಡುವುದನ್ನು ಗ್ಯಾರೇಜುಗಳಲ್ಲಿ ಕಂಡಿದ್ದೇನೆ. ಅದು ಇಲ್ಲದ ಬಂಪರ್ ನೋಡಲು ಸರಿಯಾಗಿದ್ದರೂ ಪಾದಚಾರಿಗೆ ತಗುಲುವುದು ಹಿಂದಿನ ಉಕ್ಕೇ. ರೇಡಿಯೇಟರಿಗೆ ಗಾಳಿ ತಿರುಗಿಸುವ ತಟ್ಟೆಗಳೂ ಮರಳಿ ಕೂರಲಿ, ಇಲ್ಲವಾದರೆ ಖಂಡಾಲಾ ಘಾಟಿನ ಏರಿನಲ್ಲಿ ಎಂಜಿನ್ ಕಾಯುತ್ತದೆ. ಕನೆಕ್ಟರುಗಳನ್ನು ಸಿಕ್ಕಿಸಿ, ಮೊದಲು ಮೂಲೆಗಳ ಲಾಕು, ಆಮೇಲೆ ಚಕ್ರದ ಬಳಿಯ ಸ್ಕ್ರೂ, ಕೆಳಗಿನ ಸ್ಕ್ರೂಗಳು, ಕೊನೆಗೆ ಮೇಲಿನ ಕ್ಲಿಪ್ಪುಗಳು. ಎಲ್ಲ ಕೂತು, ಸಂದುಗಳು ಎರಡೂ ಕಡೆ ಸಮವಾದ ಮೇಲೆಯೇ ಬಿಗಿ ಮಾಡಬೇಕು. ಬ್ಯಾಟರಿ ತಂತಿ ಜೋಡಿಸಿ, ಫಾಗ್ ಲ್ಯಾಂಪ್ ಹಚ್ಚಿ, ಸೆನ್ಸರುಗಳ ಮುಂದೆ ಯಾರನ್ನಾದರೂ ನಡೆಸಿ ನೋಡಿ. ರಟ್ಟಿನ ಮೇಲೆ ಒಂದು ಸ್ಕ್ರೂ ಉಳಿದಿದ್ದರೂ ಹಿಂದಕ್ಕೆ ಹೋಗಿ ಅದರ ಜಾಗ ಹುಡುಕಿ. ದಂಡಿನ ರಸ್ತೆಯ ಹಂಪುಗಳ ಮೇಲೆ ಕೆಲವು ದಿನ ಓಡಾಡಿದ ಬಳಿಕ ಚಕ್ರದ ಕಮಾನಿನ ಆ ಎರಡು ಸ್ಕ್ರೂಗಳನ್ನು ಮತ್ತೊಮ್ಮೆ ಬಿಗಿದುಬಿಡಿ.